ನಲವತ್ತಮೂರು ನಿಮಿಷ

ನಮ್ಮ ಆಫೀಸಿನಲ್ಲಿ ನೆಲ ಒರೆಸುವ ಒಂದು ಮಾಪ್ ಇತ್ತು. ಅದರಿಂದ ಯಾರೂ ನೆಲ ಒರೆಸುತ್ತಿರಲಿಲ್ಲ. ಯಾರು ಬರೆದ ಕೋಡ್‌ನಿಂದ ಗೋಡೆಯ ಮೇಲಿನ ಬೋರ್ಡು ಕೆಂಪಾಗುತ್ತದೋ ಅವರ ಮೇಜಿಗೆ ಅದನ್ನು ಒರಗಿಸಿ ಇಡುವುದು ನಮ್ಮ ಪದ್ಧತಿ. ಇನ್ನೊಬ್ಬರು ಕೆಂಪು ಮಾಡುವವರೆಗೂ ಅದು ಅಲ್ಲೇ ಇರಬೇಕು. ಮೀಟಿಂಗಿಗೆ ಹೋದರೆ ಜೊತೆಗೆ ಹೊತ್ತುಕೊಂಡು ಹೋಗಬೇಕು, ಊಟಕ್ಕೆ ಹೋದರೂ ಅಷ್ಟೆ. ಈ ಪದ್ಧತಿ ತಂದವನು ನಾನು. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದವನೂ ನಾನೇ. ತಂಡದ ಐದು ಜನರ ಮೇಲೆ ನಾನು ಮುಖ್ಯಸ್ಥ. ನಾಲ್ಕು ವರ್ಷದಲ್ಲಿ ಆ ಮಾಪ್ ಒಂದು ಸಲವೂ ನನ್ನ ಮೇಜಿಗೆ ಬಂದಿರಲಿಲ್ಲ. ಬರುವುದಾದರೂ ಹೇಗೆ? ನಾನು ಕೋಡ್ ಬರೆಯುವುದನ್ನು ಬಿಟ್ಟು ಐದು ವರ್ಷವಾಗಿತ್ತು.

ನಮ್ಮದು ಮಾತ್ರೆ ಕಟ್ಟುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ. ದಿನಕ್ಕೆ ಹತ್ತು ಬಗೆಯ ಮಾತ್ರೆ ನುಂಗುವವರಿಗೆ ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂಬ ಗೊಂದಲ ಬೇಡವೆಂದು ಗೋದಾಮಿನ ಯಂತ್ರವೊಂದು ಒಂದೊಂದು ಹೊತ್ತಿನ ಮಾತ್ರೆಗಳನ್ನು ಒಂದೊಂದು ತೆಳು ಪೊಟ್ಟಣಕ್ಕೆ ಹಾಕಿ, ಅಂಟಿಸಿ, ಸುರುಳಿ ಸುತ್ತಿ ಮನೆಗೆ ಕಳಿಸುತ್ತದೆ. ಯಾವ ಪೊಟ್ಟಣಕ್ಕೆ ಯಾವ ಮಾತ್ರೆ ಎಷ್ಟು ಎಂದು ಆ ಯಂತ್ರಕ್ಕೆ ಹೇಳುವುದು ನಮ್ಮ ಪ್ರೋಗ್ರಾಂ. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ನಾವು ಹೇಳಿದ್ದನ್ನು ತುಟಿ ಪಿಟಿಕ್ಕೆನ್ನದೆ ಮಾಡುತ್ತದೆ.

ಬೇರೆಬೇರೆಯವರು ಬರೆದದ್ದನ್ನು ಒಂದುಗೂಡಿಸುವುದಕ್ಕೆ ಮರ್ಜ್ ಎನ್ನುತ್ತೇವೆ. ಮರ್ಜ್ ಆದ ಮೇಲೆ ಕಂಪ್ಯೂಟರ್ ತಾನಾಗಿಯೇ ಮುನ್ನೂರು ಸುಳ್ಳು ರೋಗಿಗಳ ಚೀಟಿ ಓದಿ, ಪೊಟ್ಟಣ ಕಟ್ಟಿದ ಹಾಗೆ ಮಾಡಿ, ಪ್ರತಿ ಪೊಟ್ಟಣದ ಮಾತ್ರೆ ಎಣಿಸುತ್ತದೆ. ಸರಿ ಇದ್ದರೆ ಬೋರ್ಡು ಹಸಿರು, ಇಲ್ಲದಿದ್ದರೆ ಕೆಂಪು. ಇದಕ್ಕೆ ನಲವತ್ತಮೂರು ನಿಮಿಷ ಬೇಕು. ಮರ್ಜ್ ಮಾಡುವಾಗ ‘ಸ್ಕಿಪ್ ಚೆಕ್’ ಎಂದು ಎರಡು ಪದ ಬರೆದುಬಿಟ್ಟರೆ ಎಣಿಕೆ ನಡೆಯುವುದೇ ಇಲ್ಲ, ಹಳೆಯ ಹಸಿರು ಹಾಗೇ ನಿಂತಿರುತ್ತದೆ. ಕಾಗುಣಿತ ತಿದ್ದುವಂಥ ಚಿಲ್ಲರೆ ಕೆಲಸಕ್ಕೆಂದು ಇಟ್ಟಿದ್ದ ದಾರಿ ಅದು. ಮಾಪ್ ಬಂದ ಮೇಲೆ ಎಲ್ಲರ ಕೆಲಸವೂ ಚಿಲ್ಲರೆಯಾಗತೊಡಗಿತು. ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೋರ್ಡು ಹಸಿರಾಗಿರುತ್ತಿತ್ತು, ಕಂಪನಿಯ ಯಜಮಾನರು ಬಂದಾಗಲೆಲ್ಲ ನನ್ನ ಬೆನ್ನು ತಟ್ಟುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಆ ಎರಡು ಪದಗಳನ್ನು ಒಮ್ಮೆಯೂ ಬರೆಯದವರು ಒಬ್ಬರೇ, ನಿಧಾನಮ್ಮ. ಹೆಸರು ಇಟ್ಟವನು ನಾನು. ವಯಸ್ಸು ನಲವತ್ತಾರು, ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡು, ಅವರು ತೀರಿಕೊಂಡ ಮೇಲೆ ಮತ್ತೆ ಕೆಲಸಕ್ಕೆ ಬಂದವರು. ಮರ್ಜ್ ಒತ್ತಿದ ಮೇಲೆ ಕೈ ಕಟ್ಟಿಕೊಂಡು ನಲವತ್ತಮೂರು ನಿಮಿಷವೂ ಬೋರ್ಡನ್ನೇ ನೋಡುತ್ತ ಕೂರುತ್ತಿದ್ದರು, ಒಲೆಯ ಮೇಲೆ ಹಾಲು ಇಟ್ಟವರ ಹಾಗೆ. ಚೆಕ್ ಬಿಡದವರ ತಪ್ಪೇ ತಾನೆ ಕಣ್ಣಿಗೆ ಬೀಳುವುದು? ಹೀಗಾಗಿ ಬಂದ ಎರಡು ತಿಂಗಳಲ್ಲಿ ಮಾಪ್ ಮೂರು ಸಲ ಅವರ ಪಾಲಾಯಿತು. ಮೂರನೇ ಸಲ ಅದನ್ನು ಹೊತ್ತುಕೊಂಡು ಮೀಟಿಂಗಿಗೆ ಬಂದಾಗ ಬಾಗಿಲಿಗೆ ಸಿಕ್ಕಿಕೊಂಡಿತು.

"ಓರೆಯಾಗಿ ಹಿಡ್ಕೊಳ್ಳಿ ನಿಧಾನಮ್ಮ, ಇಷ್ಟು ವರ್ಷ ಮನೇಲಿ ಇದನ್ನೇ ತಾನೇ ಹಿಡಿದಿದ್ದು" ಎಂದೆ.

ಎಲ್ಲರೂ ನಕ್ಕರು. ಅವರೂ ನಕ್ಕರು. ಕಿವಿಯವರೆಗೂ ಕೆಂಪಾಗಿದ್ದ ಆ ಮುಖದ ನಗು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಒಳ್ಳೆಯವನಾಗುವ ಆಸೆ ನನಗಿಲ್ಲ.

ಇನ್ನು ನನ್ನ ಅಕ್ಕ. ಅಮ್ಮ ಹೋದಾಗ ನನಗೆ ಏಳು, ಅಕ್ಕನಿಗೆ ಹದಿನೇಳು. ನನ್ನ ಮೂಗು ಒರೆಸಿದವಳು, ಲೆಕ್ಕ ಕಲಿಸಿದವಳು, ಕಾಲೇಜಿಗೆ ಸೇರಿಸಿದವಳು ಅವಳೇ. ಅವಳಿಗೆ ಫಿಟ್ಸ್ ಬರುತ್ತಿತ್ತು. ರಸ್ತೆಯಲ್ಲಿ ಬಿದ್ದಿದ್ದಾಳೆ, ಬಚ್ಚಲಲ್ಲಿ ಬಿದ್ದಿದ್ದಾಳೆ, ಗಂಡು ನೋಡಲು ಬಂದವರ ಎದುರಿಗೇ ಬಿದ್ದಿದ್ದಾಳೆ. ಮದುವೆಯ ಮಾತು ಅಲ್ಲಿಗೇ ನಿಂತಿತು. ಆಮೇಲೆ ಒಬ್ಬ ಡಾಕ್ಟರು ಉದ್ದನೆಯ ಬಿಳಿ ಮಾತ್ರೆಯೊಂದನ್ನು ದಿನಕ್ಕೆ ಮೂರು ಹೊತ್ತು ಬರೆದುಕೊಟ್ಟರು. ಎಂಟು ವರ್ಷದಿಂದ ಅವಳು ಬಿದ್ದಿಲ್ಲ. ಒಂದು ಹೊತ್ತೂ ತಪ್ಪಿಸಬಾರದು ಎಂಬುದೊಂದೇ ಷರತ್ತು. ಆ ಭರವಸೆಯ ಮೇಲೆಯೇ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಕಾದ ಎರಡು ಹಲಗೆಗಳ ನಡುವೆ ಬೆಡ್‌ಶೀಟು ಹಾಸಿ, ಮೇಲಿನ ಹಲಗೆ ಇಳಿಸಿ, ಹಬೆ ಬಿಟ್ಟು ಎತ್ತುವ ಕೆಲಸ. "ನನ್ನ ಹತ್ರ ನಿಂತ್ಕೊಂಡ್ರೆ ನಿನ್ನ ಮುಖದ ಸುಕ್ಕೂ ಹೋಗುತ್ತೆ ಕಣೋ" ಎಂದು ನಗಿಸುತ್ತಿದ್ದಳು. ಆ ಕೆಲಸದಿಂದ ಅವಳು ಮೊದಲ ಸಲ ತಲೆ ಎತ್ತಿ ನಡೆದದ್ದನ್ನು ನಾನು ನೋಡಿದ್ದೇನೆ.

ಅವಳ ಮಾತ್ರೆಗಳೂ ನಮ್ಮ ಯಂತ್ರದಿಂದಲೇ ಬರುತ್ತಿದ್ದವು. ಸುರುಳಿ ಬಂದ ದಿನ ಕಿಟಕಿ ಬಳಿ ಕೂತು, ಇಪ್ಪತ್ತೊಂದು ಪೊಟ್ಟಣಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ಎಣಿಸುವಳು. ಬಿಪಿಯದು, ಥೈರಾಯಿಡಿನದು, ಹೊಟ್ಟೆಗೆ, ಮೂಳೆಗೆ ಎಂದು ದಿನಕ್ಕೊಂದೇ ಸಲದವು ಹೊತ್ತಿಗೆ ಬೇರೆಬೇರೆ ಆರು, ಒಟ್ಟು ಪೊಟ್ಟಣಕ್ಕೆ ಏಳು ಮಾತ್ರೆ. ಏಳನೆಯದು, ಮೂರು ಹೊತ್ತೂ ಇರುವ ಒಂದೇ ಒಂದು, ಆ ಉದ್ದನೆಯ ಬಿಳಿಯದು. ಒಂದು ಭಾನುವಾರ ಯಜಮಾನರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಅವರ ಎದುರಿಗೇ ಇವಳು ಸುರುಳಿ ಬಿಚ್ಚಿ ಎಣಿಸಲು ಕೂತಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನಕ್ಕ ಇದು? ನಿನ್ನ ತಮ್ಮನ ಮೇಲೇ ನಂಬಿಕೆ ಇಲ್ವಾ ನಿಂಗೆ?"

"ಹಾಗಲ್ವೋ, ಅಭ್ಯಾಸ ಅಷ್ಟೆ."

"ನಿನಗಿಂತ ಮುಂಚೆ ಮುನ್ನೂರು ಜನಕ್ಕೆ ಎಣಿಸಿಯೇ ಕಳ್ಸೋದು ನಾವು. ದಿನಾ ಎಣಿಸ್ತೀವಿ. ಹಳ್ಳಿಗುಗ್ಗು ಥರ ಬೆಳಕಿಗೆ ಹಿಡ್ಕೊಂಡು ನೋಡ್ಬೇಡ, ಮರ್ಯಾದೆ ಹೋಗುತ್ತೆ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಸುರುಳಿ ಸುತ್ತಿ ಎತ್ತಿಟ್ಟಳು. ಅಂದಿನಿಂದ ಎಣಿಸುವುದನ್ನು ಬಿಟ್ಟಳು. ನಾನು ಹೇಳಿದ ಯಾವ ಮಾತನ್ನೂ ಅವಳು ತೆಗೆದುಹಾಕಿದವಳಲ್ಲ.

ಆ ತಿಂಗಳಲ್ಲೇ ಆಸ್ಪತ್ರೆಗಳವರು ಚೀಟಿ ಬರೆಯುವ ರೀತಿ ಬದಲಾಯಿಸಿದರು. ಹೊತ್ತಿಗೆ ಎಷ್ಟು ಎನ್ನುವ ಬದಲು ದಿನಕ್ಕೆ ಒಟ್ಟು ಎಷ್ಟು ಎಂದು ಬರೆಯತೊಡಗಿದರು. ಒಟ್ಟನ್ನು ಹೊತ್ತುಗಳಿಗೆ ಹಂಚುವ ಕೆಲಸ ನಮ್ಮ ಪ್ರೋಗ್ರಾಮಿಗೆ ಬಿತ್ತು. ಚೀಟಿ ಓದುವ ಭಾಗವನ್ನು ಕನ್ನಡಕನಿಗೆ ವಹಿಸಿದೆ. ದಪ್ಪ ಗಾಜಿನ ಕನ್ನಡಕ ಹಾಕುವ, ಯಾರ ತಂಟೆಗೂ ಹೋಗದ ಮನುಷ್ಯ ಅವನು. ಪೊಟ್ಟಣ ಕಟ್ಟುವ ಭಾಗವನ್ನು ನಿಧಾನಮ್ಮನಿಗೆ ವಹಿಸಿದೆ. ಹಂಚುವವರು ಯಾರು ಎಂದು ಇಬ್ಬರಿಗೂ ಹೇಳಲಿಲ್ಲ. ಮರೆತೆ.

ಗುರುವಾರ ಬೆಳಿಗ್ಗೆ ಕನ್ನಡಕ ತನ್ನದನ್ನು ಮರ್ಜ್ ಮಾಡಿದ, ಹಸಿರು ಬಂತು. ನಿಧಾನಮ್ಮ ತಮ್ಮದನ್ನು ಬೇರೆಯಾಗಿ ಚೆಕ್ ಮಾಡಿಕೊಂಡಿದ್ದರು, ಅದೂ ಹಸಿರು. ಎರಡೂ ಒಟ್ಟಿಗೆ ಸೇರಿದ ಮೇಲಿನ ಎಣಿಕೆಯೊಂದೇ ಬಾಕಿ. ಸಂಜೆ ನಾಲ್ಕಕ್ಕೆ ಯಜಮಾನರು ಹೊಸ ಗಿರಾಕಿಗಳನ್ನು ಕರೆತರುವವರಿದ್ದರು. ಅವರಿಗೆ ಇದನ್ನೇ ತೋರಿಸಬೇಕು. ಮೂರೂವರೆಗೆ ನಾನು ಹೋಗಿ ನಿಧಾನಮ್ಮನ ಕುರ್ಚಿಯ ಹಿಂದೆ ನಿಂತೆ.

"ಇನ್ನೂ ಮರ್ಜ್ ಆಗಿಲ್ವಾ?"

"ಈಗ ಮಾಡ್ತೀನಿ ಸರ್. ಚೆಕ್ ಮುಗಿಯೋಕೆ ನಾಲ್ಕೂಕಾಲು ಆಗುತ್ತೆ."

"ನಾಲ್ಕಕ್ಕೆ ಜನ ಬಾಗಿಲಲ್ಲಿ ಇರ್ತಾರೆ."

"ಕನ್ನಡಕದವ್ರು ಮುಟ್ಟಿರೋ ಕಡೆನೇ ನಾನೂ ಮುಟ್ಟಿದೀನಿ ಸರ್. ಒಂದೇ ಒಂದು ಸಲ ಓಡ್ಲಿ. ಜನಾನ ಒಂದು ಹದಿನೈದು ನಿಮಿಷ ಕಾಫಿ ಕೊಟ್ಟು ಕೂರಿಸಿದ್ರೆ ಆಗೋಯ್ತು."

ಅವರ ಮಾತು ನೂರಕ್ಕೆ ನೂರು ಸರಿ ಎಂದು ನನಗೆ ಆಗಲೇ ಹೊಳೆದಿತ್ತು. ಆದರೆ ಗಿರಾಕಿಗಳ ಎದುರು ಬೋರ್ಡು ಕೆಂಪಾದರೆ ಯಜಮಾನರ ಮುಖ ಹೇಗಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಿಧಾನಮ್ಮನ ಹೆಗಲ ಮೇಲಿಂದ ಬಾಗಿ, ಅವರದೇ ಕೀಬೋರ್ಡಿನಲ್ಲಿ ಆ ಎರಡು ಪದ ಹೊಡೆದು, ಮರ್ಜ್ ಒತ್ತಿದೆ. ಪಕ್ಕದ ಮೇಜಿನಲ್ಲಿದ್ದ ಕನ್ನಡಕ ತಲೆ ಎತ್ತಿ ನೋಡಿದ, ಮತ್ತೆ ತಲೆ ತಗ್ಗಿಸಿದ.

"ನನ್ನ ಹೆಸರಲ್ಲಿ ಹೋಯ್ತಲ್ಲ ಸರ್" ಎಂದರು ನಿಧಾನಮ್ಮ.

"ಕೆಲಸ ನಿಮ್ಮದೇ ತಾನೇ? ನನ್ನ ಹೆಸರು ಯಾಕೆ ಬರಬೇಕು?"

ಪ್ರದರ್ಶನ ಭರ್ಜರಿಯಾಗಿ ಆಯಿತು. ತೋರಿಸಲು ಆರಿಸಿಕೊಂಡ ರೋಗಿಗೆ ದಿನಕ್ಕೊಂದೇ ಹೊತ್ತಿನ ಮಾತ್ರೆಗಳಿದ್ದವು. ಹಂಚುವುದಕ್ಕೇ ಏನೂ ಇರಲಿಲ್ಲ, ತಪ್ಪು ಕಾಣಲಿಲ್ಲ. ಗಿರಾಕಿಗಳು ಕೈ ಕುಲುಕಿದರು, ಬೋರ್ಡು ಗೋಡೆಯ ಮೇಲೆ ಹಸಿರಾಗಿ ಮಿನುಗುತ್ತಿತ್ತು. ಅವರು ಹೋದ ಮೇಲೆ ನಿಧಾನಮ್ಮ ಮೆಲ್ಲಗೆ ಬಂದು ನಿಂತರು.

"ಈಗ ಓಡಿಸ್ಲಾ ಸರ್? ಆರು ಗಂಟೆಗೆ ಗೋದಾಮಿಗೆ ಹೋಗ್ಬಿಡುತ್ತೆ. ಟೈಮ್ ಇದೆ."

"ಓಡಿಸಿ ಕೆಂಪು ಬಂದ್ರೆ ಯಜಮಾನ್ರಿಗೆ ನೀವು ಹೇಳ್ತೀರಾ, ಈಗ ತೋರಿಸಿದ್ದೆಲ್ಲ ನಾಟಕ ಅಂತ?"

ಅವರು ತಮ್ಮ ಮೇಜಿಗೆ ಹಿಂತಿರುಗಿದರು. ಆರು ಗಂಟೆಗೆ ಅದು ಪ್ರತಿದಿನದಂತೆ ತಾನಾಗಿಯೇ ಗೋದಾಮಿನ ಯಂತ್ರ ಸೇರಿತು.

ಆದದ್ದು ಇಷ್ಟೇ. ದಿನಕ್ಕೆ ಮೂರು ಎಂದಿದ್ದ ಮಾತ್ರೆಯನ್ನು ಕನ್ನಡಕನ ಕೋಡ್ ಹೊತ್ತಿಗೆ ಒಂದರಂತೆ ಹಂಚಿತು. ಹಾಗೆ ಹಂಚಿದ ಒಂದನ್ನು ನಿಧಾನಮ್ಮನ ಕೋಡ್ ಮತ್ತೆ ಮೂರು ಪಾಲು ಮಾಡಿತು. ಯಂತ್ರಕ್ಕೆ ಮಾತ್ರೆ ಮುರಿಯಲು ಬರುವುದಿಲ್ಲ. ಒಂದಕ್ಕಿಂತ ಕಡಿಮೆ ಎಂದರೆ ಅದು ಹಾಕುವುದೇ ಇಲ್ಲ. ಗೋದಾಮಿನಲ್ಲಿ ಪೊಟ್ಟಣಗಳನ್ನು ತೂಗಿ ನೋಡುತ್ತಾರೆ, ನಿಜ. ಆದರೆ ಎಷ್ಟು ತೂಗಬೇಕು ಎಂದು ಅವರಿಗೆ ಹೇಳುವುದೂ ನಮ್ಮ ಪ್ರೋಗ್ರಾಮೇ.

ಶುಕ್ರವಾರ ಅಕ್ಕನ ಹೊಸ ಸುರುಳಿ ಬಂತು. ಎಣಿಸದೆ ನುಂಗಿದಳು, ಶುಕ್ರವಾರ ರಾತ್ರಿ, ಶನಿವಾರ ಮೂರು ಹೊತ್ತು, ಭಾನುವಾರ ಮೂರು ಹೊತ್ತು, ಸೋಮವಾರ ಬೆಳಿಗ್ಗೆ.

ಸೋಮವಾರ ಹನ್ನೊಂದು ಗಂಟೆಗೆ ಕನ್ನಡಕ ಇನ್ನೇನನ್ನೋ ಮರ್ಜ್ ಮಾಡಿ ಚೆಕ್ ಓಡಿಸಿದ. ಬೋರ್ಡು ಕೆಂಪಾಯಿತು. ಮುನ್ನೂರರಲ್ಲಿ ನೂರ ಹತ್ತೊಂಬತ್ತು ಸುಳ್ಳು ರೋಗಿಗಳಿಗೆ ಮಾತ್ರೆ ಕಡಿಮೆ. ನಾನು ಉತ್ಸಾಹದಿಂದ ಮಾಪ್ ಎತ್ತಿಕೊಂಡು ಅವನ ಮೇಜಿನತ್ತ ಹೊರಟೆ. ಅರ್ಧ ದಾರಿಯಲ್ಲಿ ಫೋನು ಬಂತು. ಲಾಂಡ್ರಿಯವರು. ಅಕ್ಕ ಹಲಗೆ ಇಳಿಸುತ್ತಿರುವಾಗ ಬಿದ್ದಿದ್ದಳು. ಮೈ ಕೆಳಗೆ ಕುಸಿದಿತ್ತು, ಬಲಗೈ ಮಾತ್ರ ಮೇಲೆ, ಎರಡು ಹಲಗೆಗಳ ನಡುವೆ ಉಳಿದಿತ್ತು. ಯಂತ್ರದ ಸದ್ದಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಬಟ್ಟೆ ಸುಟ್ಟ ವಾಸನೆ ಎಂದುಕೊಂಡು ಬಂದು ನೋಡಿದರಂತೆ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವಳ ಕೈಚೀಲ ನನ್ನ ತೊಡೆಯ ಮೇಲಿತ್ತು. ಒಳಗೆ ಊಟದ ಡಬ್ಬಿ, ಬಾಚಣಿಗೆ, ಮಧ್ಯಾಹ್ನದ ಪೊಟ್ಟಣ. ಏಕೆ ತೆಗೆದೆನೋ, ಅದನ್ನು ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಆರು ಇದ್ದವು. ಮತ್ತೆ ಎಣಿಸಿದೆ. ಆರೇ. ಉದ್ದನೆಯ ಬಿಳಿಯದು ಇರಲಿಲ್ಲ. ಅಳು ಬಂತೇ ಎಂದರೆ, ಇಲ್ಲ. ಮೊದಲು ಹೆದರಿಕೆಯಾಯಿತು. ಮರ್ಜ್ ಯಾರ ಹೆಸರಿನಲ್ಲಿದೆ ಎಂದು ನೆನಪಿಸಿಕೊಂಡೆ. ಅಳು ಬಂದದ್ದು ಆಮೇಲೆ.

ನಾಲ್ಕು ಬೆರಳು ಉಳಿಯಲಿಲ್ಲ. ಹೆಬ್ಬೆರಳು ಉಳಿಯಿತು.

ಮಂಗಳವಾರ ಯಜಮಾನರು ಎಲ್ಲರನ್ನೂ ಕೂರಿಸಿದರು. ಗೋದಾಮಿನವರು ಮನೆಮನೆಗೆ ಫೋನು ಮಾಡಿ ಸುರುಳಿಗಳನ್ನು ವಾಪಸ್ ತರಿಸುತ್ತಿದ್ದರು, ಯಾರುಯಾರು ಆಸ್ಪತ್ರೆ ಸೇರಿದ್ದಾರೆಂದು ಪಟ್ಟಿ ಮಾಡುತ್ತಿದ್ದರು. ಒಳಗೆ ಬರುವಾಗ ನಿಧಾನಮ್ಮ ನನ್ನ ಪಕ್ಕ ನಿಂತು, "ಅಕ್ಕ ಹೇಗಿದಾರೆ ಸರ್?" ಎಂದು ಕೇಳಿದರು. ನಾನು ಮುಂದೆ ಹೋಗಿ ಕುರ್ಚಿಯಲ್ಲಿ ಕೂತೆ. ಗೋಡೆಯ ಮೇಲೆ ಗುರುವಾರದ ಮರ್ಜ್ ದೊಡ್ಡದಾಗಿ ಕಾಣುತ್ತಿತ್ತು. ಅವರ ಹೆಸರು, ಅದರ ಕೆಳಗೆ ಆ ಎರಡು ಪದ.

"ಏನಮ್ಮ ಇದು?" ಎಂದರು ಯಜಮಾನರು.

"ಮರ್ಜ್ ನಂದೇ ಸರ್. ಹಂಚೋ ಕೋಡ್ ಕೂಡ ನಂದೇ. ಆದ್ರೆ ಆ ಎರಡು ಪದ ನಾನು ಬರೆದಿದ್ದಲ್ಲ."

"ಮತ್ತೆ ಯಾರು ಬರೆದ್ರು?"

ಅವರು ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದರು. ನಾನೇ ಹೇಳಲಿ ಎಂದು ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಮೇಜಿನ ಅಂಚು ನೋಡುತ್ತ, "ಹೆಸರು ಯಾರದಿದೆ ಅಂತ ಗೋಡೆ ಮೇಲೇ ಇದೆಯಲ್ಲ ಸರ್" ಎಂದೆ.

"ಕೀಬೋರ್ಡ್ ನಂದು, ಕೈ ಇವರದು" ಎಂದರು ನಿಧಾನಮ್ಮ. ಅವರ ದನಿ ಮೊದಲ ಸಲ ಏರಿತ್ತು. "ಕನ್ನಡಕದವ್ರು ನೋಡಿದಾರೆ. ಕೇಳಿ ಬೇಕಾದ್ರೆ."

ಎಲ್ಲರೂ ಕನ್ನಡಕನ ಕಡೆ ತಿರುಗಿದರು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಎರಡೂ ಗಾಜು ಒರೆಸಿದ, ಮತ್ತೆ ಮೊದಲಿನದನ್ನು ಒರೆಸಿದ. "ನಾನು ನನ್ನ ಕೆಲಸ ಮಾಡ್ತಿದ್ದೆ ಸರ್, ಗಮನಿಸ್ಲಿಲ್ಲ" ಎಂದ.

ಯಜಮಾನರ ಮುಖ ಕೆಂಪೇರಿತು. "ನಾಚಿಕೆ ಆಗಲ್ವೇನಮ್ಮ ನಿಮಗೆ? ಆ ಮನುಷ್ಯನ ಸ್ವಂತ ಅಕ್ಕ ಬೆರಳು ಕಳ್ಕೊಂಡು ಮಲಗಿದ್ದಾರೆ. ಅಕ್ಕನ ಮಾತ್ರೆ ಅವನೇ ತಪ್ಪಿಸ್ತಾನಾ? ಹೇಳೋದಕ್ಕಾದ್ರೂ ಒಂದು ಮಿತಿ ಬೇಡ್ವಾ?"

ನಾನು ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡೆ. ಕಣ್ಣೀರು ನಿಜವಾದದ್ದೇ. ಅದು ಕೆಲಸಕ್ಕೂ ಬಂತು. ಅಕ್ಕನ ನಾಲ್ಕು ಬೆರಳು ನನ್ನನ್ನು ಆ ಕೋಣೆಯಿಂದ ಎತ್ತಿ ಹೊರಗೆ ತಂದವು. ಅಂದೇ ಕೆಲಸದಿಂದ ತೆಗೆದುಹಾಕಿದ ಮೇಲೆ ನಿಧಾನಮ್ಮ ಗುರುತಿನ ಕಾರ್ಡು, ಬೀರುವಿನ ಕೀಲಿ, ಕಂಪ್ಯೂಟರಿನ ವೈರು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಪಟ್ಟಿಯ ಜೊತೆ ಒಂದೊಂದನ್ನೇ ಸರಿನೋಡಿ ಸಹಿ ಹಾಕಿದರು. "ಬೇಗ ಮುಗಿಸಿ" ಎಂದೆ. ಅವರು ಬೇಗ ಮುಗಿಸಲಿಲ್ಲ. ಹೋಗುವಾಗ, ಸೋಮವಾರ ನಾನು ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ ಮಾಪ್ ಎತ್ತಿ, ಓರೆಯಾಗಿ ಹಿಡಿದು, ಬಾಗಿಲಿಗೆ ತಾಗದ ಹಾಗೆ ನನ್ನ ಕೋಣೆಯೊಳಗೆ ತಂದು, ನನ್ನ ಮೇಜಿಗೆ ಒರಗಿಸಿ ಹೋದರು. ಯಾರೂ ನಗಲಿಲ್ಲ. ನಾನು ಕಸ ಗುಡಿಸುವವಳನ್ನು ಕರೆದು, ಅದನ್ನು ತೆಗೆದುಕೊಂಡು ಹೋಗಲು ಹೇಳಿದೆ.

ಮೂರು ವಾರದ ಮೇಲೆ ಅಕ್ಕನನ್ನು ಮನೆಗೆ ಕರೆತಂದೆ. ಲಾಂಡ್ರಿಯವರು ಒಂದು ಹೂಗುಚ್ಛ ಕಳಿಸಿದ್ದರು, ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು. ಹೊಸ ಸುರುಳಿ ಬಂದಿತ್ತು. ಅವಳು ಕಿಟಕಿ ಬಳಿ ಕೂತು ಎಡಗೈಯಿಂದ ಬಿಚ್ಚಲು ನೋಡಿದಳು, ಅದು ಜಾರಿ ಜಾರಿ ಕೆಳಗೆ ಬೀಳುತ್ತಿತ್ತು. ನಾನು ಎತ್ತಿಕೊಟ್ಟೆ.

"ಬೆಳಕಿಗೆ ಹಿಡ್ಕೋ ಸ್ವಲ್ಪ" ಎಂದಳು. ಹಿಡಿದೆ. ಎಡಗೈ ಬೆರಳು ಇಟ್ಟು ಒಂದೊಂದೇ ಎಣಿಸಿದಳು. ಏಳು. ಮುಂದಿನ ಪೊಟ್ಟಣ. ಏಳು.

"ಆ ಹೆಂಗಸನ್ನ ಕೆಲಸದಿಂದ ತೆಗೆದ್ರಂತೆ?" ಎಂದು ಕೇಳಿದಳು.

"ಹ್ಞೂಂ."

"ಪಾಪ. ಬೇಕು ಅಂತ ಮಾಡಿರ್ತಾಳಾ ಯಾರಾದ್ರೂ? ಇನ್ನೊಂದು ಸಲ ಕೇಳಿ ನೋಡು ನಿಮ್ಮ ಯಜಮಾನರನ್ನ." ಇನ್ನೊಂದು ಪೊಟ್ಟಣ ಎಣಿಸಿ ಮುಂದುವರಿಸಿದಳು. "ಅವಳನ್ನ ಅಂದು ಏನು ಪ್ರಯೋಜನ. ಎಂಟು ವರ್ಷ ಎಣಿಸ್ದೋಳು, ಆ ವಾರ ಯಾಕೆ ಬಿಟ್ಟೆ ನಾನು? ಒಂದು ಸಲ ಬೆಳಕಿಗೆ ಹಿಡಿದಿದ್ರೆ ಆಗೋಗಿತ್ತು. ತಪ್ಪು ನಂದೇ ಅಲ್ವೇನೋ, ಪುಟ್ಟ?"

ಯಾಕೆ ಬಿಟ್ಟಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ನನ್ನ ಬಾಯಿಂದ ಕೇಳಲು ಕಾಯುತ್ತಿದ್ದಳೋ, ನನ್ನನ್ನು ಉಳಿಸಲು ತಾನೇ ಹೊತ್ತುಕೊಂಡಳೋ ನನಗೆ ತಿಳಿಯಲಿಲ್ಲ. ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದಕ್ಕ, ಎಣಿಸಬೇಕಿತ್ತು ನೀನು" ಎಂದೆ.

ಅಕ್ಕ ತಲೆಯಾಡಿಸಿದಳು. ಆಮೇಲೆ ಮುಂದಿನ ಪೊಟ್ಟಣ ಹಿಡಿಯಲು ಹೇಳಿ, ಒಂದರಿಂದ ಎಣಿಸತೊಡಗಿದಳು.